ಮಚ್ಚೆಯಿಲ್ಲದ ಫೋಟೋ

"ಇದು ನೀವಲ್ಲ!"

ಗಾಜಿನ ಕಿಟಕಿಯ ಹಿಂದಿನಿಂದ ಬಂದ ಮಾತಿಗೆ ಅವಳು ಬೆಚ್ಚಿದಳು.

"ನಾನಲ್ಲದೆ ಇನ್ಯಾರು?"

ಕಾಲೇಜಿನ ಸಹಾಯಧನ ವಿಭಾಗದ ಗುಮಾಸ್ತ ಒಮ್ಮೆ ಕಂಪ್ಯೂಟರ್ ನೋಡಿದ, ಒಮ್ಮೆ ಅವಳ ಮುಖ ನೋಡಿದ.

"ಗುರುತಿನ ಚೀಟೀಲಿ ಗಲ್ಲದ ಮೇಲೆ ಮಚ್ಚೆ ಇದೆ. ಎದುರಿಗೆ ನಿಂತಿರೋ ಮುಖದಲ್ಲೂ ಇದೆ. ಈ ಫೋಟೋದಲ್ಲಿ ಮಾತ್ರ ಎಲ್ಲಿ ಹೋಯ್ತು?"

"ರಜಾ ಹಾಕಿರ್ಬೇಕು ಸಾರ್!" ಎಂದ ಸಾಲಿನಲ್ಲಿ ನಿಂತಿದ್ದ ಯಾರೋ ಒಬ್ಬ. ಎಲ್ಲರೂ ಗೊಳ್ಳೆಂದು ನಕ್ಕರು. ಗುಮಾಸ್ತನ ತುಟಿಯಂಚಿನಲ್ಲೂ ಒಂದು ನಗು!

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತಪ್ಪು ಅವಳದೇ. ಅಪ್ಪ ಹಾಸಿಗೆ ಹಿಡಿದ ಮೇಲೆ ಓದು ಬಿಟ್ಟು ಚಿಕ್ಕಪ್ಪನ ಫೋಟೋ ಸ್ಟುಡಿಯೋ ಸೇರಿದ್ದಳು. ಬಂದವರ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಮಚ್ಚೆ, ಎಲ್ಲ ಅಳಿಸುವುದೇ ಕೆಲಸ. ಬೆಳಿಗ್ಗೆ ಅವಸರದಲ್ಲಿ ತನ್ನ ಫೋಟೋ ತಯಾರಿಸುವಾಗಲೂ ಬೆರಳುಗಳು ಅಭ್ಯಾಸಬಲದಿಂದ ಮಚ್ಚೆಯನ್ನು ಒರೆಸಿಬಿಟ್ಟಿದ್ದವು.

"ಇದನ್ನ ಕಳಿಸಿದ್ರೆ ಅರ್ಜಿ ತಿರಸ್ಕಾರ ಆಗುತ್ತೆ. ಇವತ್ತೇ ಕೊನೇ ದಿನ. ಬೇರೆ ಫೋಟೋ ತನ್ನಿ... ಮಚ್ಚೆ ಸಮೇತ."

'ಮಚ್ಚೆ ಸಮೇತವಂತೆ! ಏನು ಕೊಬ್ಬು ಇವನಿಗೆ!' ಎಂದು ಹಲ್ಲು ಕಚ್ಚಿಕೊಂಡು ಅವಳು ಹೊರಬಿದ್ದಳು. ಕಣ್ಣು ಮಾತ್ರ ತುಂಬಿ ಬಂದಿತ್ತು. ಮತ್ತೆ ಓದಬೇಕೆಂದು ವರ್ಷಗಳಿಂದ ಕನಸು ಕಂಡು ಪದವಿಗೆ ಸೀಟು ಗಿಟ್ಟಿಸಿದ್ದಳು. ಸರ್ಕಾರದ ಸಹಾಯಧನ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಮತ್ತೆ ಅದೇ ಮೊಡವೆ ಒರೆಸುವ ಕೆಲಸ.

"ಅಯ್ಯೋ ಪುಟ್ಟಿ, ನಿನ್ನ ಮುಖಾನೇ ನೀನು ಅಳಿಸ್ಕೊಂಡ್ಯಾ?" ಸ್ಟುಡಿಯೋದಲ್ಲಿ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೂತ್ಕೋ. ಮೊದ್ಲು ಕಣ್ಣೀರು ಒರೆಸ್ಕೋ. ಅದೊಂದನ್ನ ಅಳಿಸಿದ್ರೆ ಯಾರೂ ಬೇಡ ಅನ್ನಲ್ಲ!"

ಸ್ಟುಡಿಯೋದ ಹೆಸರಿದ್ದ ಕವರಿನಲ್ಲಿ ಹೊಸ ಫೋಟೋ ಹಿಡಿದು ಏದುಸಿರು ಬಿಡುತ್ತಾ ಓಡಿ ಬಂದಾಗ ಕಚೇರಿಯ ದೀಪಗಳು ಒಂದೊಂದಾಗಿ ಆರುತ್ತಿದ್ದವು. ಆ ಗುಮಾಸ್ತನ ಕಿಟಕಿ ಮಾತ್ರ ತೆರೆದಿತ್ತು! ಕೈಚೀಲ ಹೆಗಲಿಗೇರಿಸಿಕೊಂಡೇ ಕೂತಿದ್ದ.

ಫೋಟೋ ನೋಡಿದ. ಅರ್ಜಿ ಕಳಿಸಿದ. ಆಮೇಲೆ ಮೆಲ್ಲಗೆ ಅಂದ:

"ಈಗ ನೀವೇ."

ಎರಡೇ ಮಾತು... ಅವಳ ಎದೆಯೊಳಗೆ ಏನೋ ಜಾರಿದಂತಾಯಿತು.

ತರಗತಿಗಳು ಶುರುವಾದವು. ಸಹಾಯಧನದ ಸುದ್ದಿ ಕೇಳುವ ನೆಪದಲ್ಲಿ ಅವಳು ಆಗಾಗ ಆ ಕಿಟಕಿಯ ಮುಂದೆ ನಿಲ್ಲುತ್ತಿದ್ದಳು. ಆದರೆ ಅವನು ತಲೆಯೆತ್ತಿಯೂ ನೋಡುತ್ತಿರಲಿಲ್ಲ.

"ಇನ್ನೂ ಮಂಜೂರಾಗಿಲ್ಲ. ಆದಾಗ ಮೆಸೇಜ್ ಬರುತ್ತೆ. ನೆಕ್ಸ್ಟ್!"

'ಅವತ್ತು ನನಗಾಗಿ ಕಾದವನು ಇವನೇನಾ? ನಾನೇ ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡೆನಾ?' ಅವಳು ಮುದುಡಿಕೊಂಡಳು. ಇನ್ನು ಆ ಕಡೆ ಹೋಗಬಾರದೆಂದು ನಿರ್ಧರಿಸಿದಳು.

ಒಂದು ಮಧ್ಯಾಹ್ನ ಮೊಬೈಲ್ ಸದ್ದು ಮಾಡಿತು. ಸಹಾಯಧನ ಜಮೆಯಾಗಿತ್ತು!

ಚಿಕ್ಕಪ್ಪ ಅವಳ ಕೈ ಹಿಡಿದು ಸ್ಟುಡಿಯೋದ ತುಂಬ ಕುಣಿದರು. ನಕ್ಕೂ ನಕ್ಕೂ ಅವಳಿಗೆ ಅಳು ಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು... ಅವನು!

"ನನ್ನದೊಂದು ಫೋಟೋ ಬೇಕಿತ್ತು," ಎಂದ, ಬೆವರು ಒರೆಸಿಕೊಳ್ಳುತ್ತಾ. "ಒಬ್ಬ ಹುಡುಗಿಗೆ ಕೊಡ್ಬೇಕು. ಇಷ್ಟ ಆಗಿದ್ದಾಳೆ... ಇನ್ನೂ ಹೇಳಿಲ್ಲ."

ಅವಳ ಸಂತೋಷವೆಲ್ಲ ಒಂದೇ ಗಳಿಗೆಯಲ್ಲಿ ತಣ್ಣಗಾಯಿತು. ಆದರೂ ಕ್ಯಾಮೆರಾ ಎತ್ತಿಕೊಂಡಳು. ಅವನ ಎಡಗಿವಿ ಬಲಗಿವಿಗಿಂತ ಕೊಂಚ ಹೆಚ್ಚೇ ಹೊರಗೆ ಚಾಚಿತ್ತು.

"ಕಿವಿ ಸ್ವಲ್ಪ... ಸರಿ ಮಾಡ್ಲಾ?"

"ಬೇಡ. ಆಮೇಲೆ ನೋಡಿ 'ಇದು ನೀವಲ್ಲ' ಅಂದ್ಬಿಟ್ರೆ?"

ಅವಳಿಗೆ ನಗುವೂ ಬಂತು, ಸಂಕಟವೂ ಆಯಿತು. ಫೋಟೋ ತೆಗೆದು, ಅಚ್ಚು ಹಾಕಿ, ಕವರಿನಲ್ಲಿಟ್ಟು ಮುಂದೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನಿಮ್ಮ ಹತ್ರಾನೇ ಇರ್ಲಿ."

"ಅಂದ್ರೆ...?"

"ತಲುಪಬೇಕಾದ ಕಡೆ ತಲುಪಿದೆ."

ಅವಳು ಕವರನ್ನು ಹಿಂದಕ್ಕೆಳೆದುಕೊಂಡಳು. "ಮತ್ತೆ ಅಷ್ಟು ದಿನ ತಲೆ ಎತ್ತಿ ನೋಡ್ಲೂ ಇಲ್ಲ! ನೆಕ್ಸ್ಟ್, ನೆಕ್ಸ್ಟ್ ಅಂತ ಓಡಿಸಿದ್ರಿ!"

"ನಿಮ್ಮ ದುಡ್ಡು ಇನ್ನೂ ನನ್ನ ಕಚೇರಿ ಮೂಲಕವೇ ಬರ್ಬೇಕಿತ್ತು. ಆಗ ನಾನು ಏನಾದ್ರೂ ಹೇಳಿ, ನಿಮಗೆ ಇಷ್ಟ ಇಲ್ದಿದ್ರೂ ಹೆದರಿ ಹೂಂ ಅಂದಿದ್ರೆ? ಈಗ ದುಡ್ಡು ನಿಮ್ಮದಾಯ್ತು. ಈಗ ನೀವು ನನ್ನ ತಿರಸ್ಕಾರ ಮಾಡ್ಬಹುದು... ಧೈರ್ಯವಾಗಿ."

ಪರದೆಯ ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿತು. "ಪುಟ್ಟಿ, ನಾನೇನೂ ಕೇಳಿಸ್ಕೊಳ್ತಿಲ್ಲ! ಬೇಗ ಏನಾದ್ರೂ ಹೇಳು!"

ಅವಳು ಕವರಿನಿಂದ ಫೋಟೋ ಹೊರತೆಗೆದಳು. ಚಾಚಿದ ಆ ಕಿವಿಯನ್ನು ಬೆರಳ ತುದಿಯಿಂದ ಮುಟ್ಟಿದಳು.

"ಮೂರು ವರ್ಷ ಓದ್ಬೇಕು ನಾನು."

"ಓದಿ. ಕಾಯೋದು ನನಗೆ ಅಭ್ಯಾಸ. ಕಿಟಕಿ ತೆರೆದಿಟ್ಟುಕೊಂಡು ಕೂತಿರ್ತೀನಿ."

ಅವಳು ಫೋಟೋವನ್ನು ಎದೆಗೊತ್ತಿಕೊಂಡು ತಲೆಯೆತ್ತಿದಳು. ನಗುವಿಗೆ ಗಲ್ಲದ ಮಚ್ಚೆಯೂ ಮೇಲೇರಿತ್ತು.

"ಹಾಗಾದ್ರೆ... ಮಂಜೂರು!"