ಹಾಲಿನ ಅಂಗಡಿ ತಿರುವು

ದೆವ್ವ ಗಿವ್ವ ಎಂದರೆ ನಗುವವಳು ನಾನು. ಕಾರ್ ರೇಸಿನ ವಿಡಿಯೊ ಗೇಮಿಗೆ ನಿಜವಾದ ಬೀದಿಗಳ ಫೋಟೊ ನೋಡಿ ರಸ್ತೆ ಕಟ್ಟುವುದು ನನ್ನ ಕೆಲಸ. ಫೋಟೊದಲ್ಲಿರುವ ಜನರನ್ನೆಲ್ಲ ಅಳಿಸಬೇಕು, ಅದು ಕಂಪನಿಯ ನಿಯಮ. ನಮ್ಮ ಬೀದಿಯೂ ನನ್ನ ಪಾಲಿಗೇ ಬಂತು. ಅಲ್ಲಿ ಹಾಲಿನ ಅಂಗಡಿಯ ತಿರುವಿನಲ್ಲಿ ನನ್ನ ತಮ್ಮನನ್ನು ಕೊಂದು ಹೋದ ಕಾರು ಇವತ್ತಿಗೂ ಸಿಕ್ಕಿಲ್ಲ. ಆ ತಿರುವನ್ನೂ ನಾನೇ ಕಟ್ಟಿದೆ. ಹೊಟ್ಟೆಪಾಡು.

ಆಟ ಆಡಿ ತಪ್ಪು ಹುಡುಕುವ ಹುಡುಗಿ ಒಂದು ಮಧ್ಯಾಹ್ನ ಕರೆದಳು. "ಅಕ್ಕಾ, ಈ ತಿರುವಲ್ಲಿ ಕೈಲಿ ಹಿಡಿದ ಕಂಟ್ರೋಲರ್ ನಡುಗುತ್ತೆ. ಎರಡು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಕೈಯೆಲ್ಲ ತಣ್ಣಗಾಗುತ್ತೆ."

ನನ್ನ ತಮ್ಮ ಬಾಗಿಲು ತಟ್ಟುತ್ತಿದ್ದುದೇ ಹಾಗೆ.

ತಿರುವನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆ. ನಡುಕ ಹೋಗಲಿಲ್ಲ. ಸಾಹೇಬರಿಗೆ ಹೇಳಿದರೆ, "ಇರ್ಲಿ ಬಿಡಮ್ಮ, ಆಡೋರಿಗೆ ಒಳ್ಳೆ ಥ್ರಿಲ್ಲು" ಎಂದು ನಕ್ಕರು. ಬದುಕಿದ್ದಾಗ ಕೆಲಸ ಕೊಡಿ ಎಂದು ತಮ್ಮ ಇದೇ ಆಫೀಸಿಗೆ ಅಲೆದಿದ್ದ. ಸತ್ತ ಮೇಲೆ ಸಂಬಳವಿಲ್ಲದೆ ಸೇರಿಸಿಕೊಂಡರು.

ಆಟವನ್ನು ಮನೆಗೆ ತಂದು, ತಮ್ಮನ ಹಳೇ ಕಂಟ್ರೋಲರ್ ಸಿಕ್ಕಿಸಿದೆ. ನಡುಕದ ವಿಷಯ ಅಮ್ಮನಿಗೆ ಹೇಳಿರಲೇ ಇಲ್ಲ. "ಕೊಡಿಲ್ಲಿ, ನಮ್ಮ ಬೀದಿ ನೋಡ್ತೀನಿ" ಎಂದು ಕಿತ್ತುಕೊಂಡಳು. ತಿರುವು ಬಂದೊಡನೆ ಕಾರು ನಿಲ್ಲಿಸಿ ಬಾಗಿಲ ಕಡೆ ತಿರುಗಿದಳು.

"ಚಿಲಕ ಹಾಕಿಲ್ಲ ಕಣೋ, ತಟ್ಟಬೇಡ. ಬಾ."

ಅವಳ ಬೆರಳು ಮುಟ್ಟಿದೆ. ಮಂಜುಗಡ್ಡೆಯಾಗಿತ್ತು.

ಮಾರನೆಯ ದಿನ ಆ ಕಂಟ್ರೋಲರ್ ಬಿಚ್ಚಿ ನೋಡಿದೆ. ತೀರಾ ಹಳೆಯ ಕಾಲದ್ದು. ಅದರೊಳಗೆ ನಡುಗಿಸುವ ಮೋಟಾರೇ ಇಲ್ಲ.