ಒತ್ತಿದರೆ ಬಾಯಿ ಬಿಡುವ ಇಕ್ಕಳ

"ರೀ, ಇದೇನು ಹೇಳಿ ನೋಡೋಣ," ಅಂತ ಪಕ್ಕದ ಅಂಗಡಿಯ ಬಡಗಿ ನನ್ನ ಹೊಲಿಗೆ ಮೆಷಿನ್ ಮೇಲೆ ಅದನ್ನಿಟ್ಟ.

ಗೇಣುದ್ದದ ಮರದ ಸಾಮಾನು. ಕೊಕ್ಕಿನಂಥ ತುದಿ, ಎರಡು ಹಿಡಿ, ನಡುವೆ ಹಿತ್ತಾಳೆ ಸ್ಪ್ರಿಂಗ್. ರಿಪೇರಿಗೆ ಬಂದ ಹಳೇ ಟೇಬಲ್ಲಿನ ಡ್ರಾಯರಿನಲ್ಲಿ ಸಿಕ್ಕಿತಂತೆ.

"ಇಕ್ಕಳ ಅಂದ್ಕೊಂಡೆ. ಆದ್ರೆ ಹಿಡಿ ಒತ್ತಿದ್ರೆ ಬಾಯಿ ಮುಚ್ಚಲ್ಲ, ತೆರೆಯುತ್ತೆ! ಯಾವನೋ ಪುಣ್ಯಾತ್ಮ ಉಲ್ಟಾ ಜೋಡಿಸಿದ್ದಾನೆ. ಬಿಚ್ಚಿ ಸರಿಮಾಡ್ಲಾ?"

"ಅಯ್ಯೋ, ಕೆಡಿಸಿಬಿಡ್ತೀರ! ಕೊಡಿ ಇಲ್ಲಿ."

ನಾನು ಚರ್ಮದ ಕೈಗವಸು ಹೊಲಿಯೋಳು. ನನ್ನಜ್ಜಿಯೂ ಅದನ್ನೇ ಮಾಡ್ತಿದ್ದಳು, ಇಂಥದ್ದೊಂದು ಅವಳ ಹತ್ತಿರ ನೋಡಿದ್ದೆ. ಒಂದು ಗವಸಿನ ಬೆರಳೊಳಗೆ ಕೊಕ್ಕು ತೂರಿಸಿ ಹಿಡಿ ಒತ್ತಿದೆ. ಬಿಗಿದಿದ್ದ ಚರ್ಮ ಮೆಲ್ಲಗೆ ಹಿಗ್ಗಿತು.

"ನೋಡಿ ಮೇಸ್ತ್ರಿಗಳೇ, ತೊಳೆದು ಒಣಗಿಸಿದ ಗವಸು ಬಿಗಿಯಾಗುತ್ತೆ. ಅದನ್ನ ಸಡಿಲ ಮಾಡೋಕೆ ಇದು. ಒತ್ತಿದ್ರೆ ಬಾಯಿ ಬಿಡೋದೇ ಇದರ ಕೆಲಸ. ಇದಕ್ಕಿರೋ ಬುದ್ಧಿ ಕೆಲವರಿಗಿಲ್ಲ."

ಅವನ ಕಿವಿ ಕೆಂಪಾದವು. ಆ ಕಿವಿ ನೋಡಿ ನನಗೆ ಪ್ರೀತಿಯೂ ಉಕ್ಕಿತು, ಮೈಯೂ ಉರಿಯಿತು.

ಎರಡು ವರ್ಷದಿಂದ ಕತ್ತರಿಗೆ ಹಿಡಿ, ಸ್ಟೂಲಿಗೆ ಕಾಲು ಅಂತ ನೆಪ ಹುಡುಕಿಕೊಂಡು ಬರ್ತಾನೆ. ಬರ್ತಾನೆ, ನೋಡ್ತಾನೆ, ಹೋಗ್ತಾನೆ. ದೂರದೂರಿನ ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಸಿಕ್ಕಿದೆ, ಸಂಜೆ ಐದರೊಳಗೆ ಹೂಂ ಅಥವಾ ಉಹೂಂ ಅನ್ನಬೇಕು ಅನ್ನೋದು ಅವನಿಗೂ ಗೊತ್ತು. ಈ ಅಂಗಡಿ ಬಿಡೋಕೆ ನನಗೆ ಮನಸ್ಸಿಲ್ಲ. ಆದರೆ ಈ ಮೂಕಬಸವನ ಮುಖ ನೋಡಿಕೊಂಡು ಇನ್ನೆಷ್ಟು ದಿನ ಕೂರಲಿ?

"ನಾಲ್ಕೂವರೆ ಆಯ್ತು," ಅಂದೆ.

"ಹೂಂ."

"ಹೋಗಲಾ?"

"ಒಳ್ಳೇ ಕೆಲಸ ಅಲ್ವಾ... ಯಾರಾದ್ರೂ ಹೋಗಿ ಅಂತಾನೇ ಹೇಳ್ತಾರೆ."

"ಯಾರಾದ್ರೂ ಏನು ಹೇಳ್ತಾರೆ ಅಂತ ನಾನು ಕೇಳಿಲ್ಲ. ನಿಮ್ಮನ್ನ ಕೇಳಿದೆ."

ಅವನು ಕೈಗಂಟಿದ ಮರದ ಪುಡಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಹೋಗಬೇಡ."

ಎರಡು ವರ್ಷದ ಬಹುವಚನ ಒಂದೇ ಏಟಿಗೆ ಹಾರಿಹೋಯಿತು. ಅವನೇ ಬೆಚ್ಚಿಬಿದ್ದ. "ಅಲ್ಲ... ಹೋಗಬೇಡಿ ಅಂತ..."

"ಮೊದಲು ಹೇಳಿದ್ದೇ ಚೆನ್ನಾಗಿತ್ತು," ಅಂದೆ.

ಅಷ್ಟರಲ್ಲಿ ಅಕ್ಕನ ಫೋನ್. "ಏನೇ, ಹೂಂ ಅಂದ್ಯಾ?"

"ಉಹೂಂ ಅಂತೀನಿ ಕಣೇ."

"ತಲೆ ಕೆಟ್ಟಿದ್ಯಾ? ಯಾಕೆ?"

"ಕಾರಣ ಇಲ್ಲೇ ನಿಂತಿದೆ, ನೀನೇ ಕೇಳು," ಅಂತ ಫೋನ್ ಅವನ ಕೈಗಿಟ್ಟೆ.

ಅವನು ಎರಡೂ ಕೈಯಲ್ಲಿ ಫೋನ್ ಹಿಡಿದು ನೆಟ್ಟಗೆ ನಿಂತ. "ನಮಸ್ಕಾರ ಅಕ್ಕಾ. ನಿಮ್ಮ ತಂಗಿ ಅಂದ್ರೆ ನನಗೆ ಪ್ರಾಣ. ದಯವಿಟ್ಟು ಈಗಲೇ ಅವಳಿಗೆ ಹೇಳಬೇಡಿ, ನಾನಿನ್ನೂ ಹೇಳಿಲ್ಲ."