ನೆಲಮಾಳಿಗೆಯ ಹಗ್ಗ

ಮೊರ್ದಾದ್ ತಿಂಗಳ ಹನ್ನೆರಡು, ಸೋಮವಾರ ಬೆಳಗ್ಗೆ 9:10ಕ್ಕೆ ಇರಾನಿನ ಯಜ್ದ್ ಊರಿನ ಹಳೇಪೇಟೆಯ ಠಾಣೆಗೆ ಎಪ್ಪತ್ತೆಂಟರ ಮಾಹ್‌ಲಖಾ ಖಾನುಮ್ ಬಂದರು. ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಹಿಂದೆಯೇ ಅವರ ಅಣ್ಣನ ಮಗ ಹೂಶಂಗ್ ಬಂದ.

"ನನ್ನನ್ನ ಯಾರೋ ಬೀಳಿಸಿದಾರೆ, ಬರ್ಕೊಳ್ಳಿ" ಎಂದರು ಮುದುಕಿ.

"ಅತ್ತೆಗೆ ಮರೆವು ಸಾಹೇಬ್ರೆ. ಬೆಳಗ್ಗೆ ಏನು ತಿಂದ್ರು ಅಂತ ಕೇಳಿ ನೋಡಿ."

"ರೊಟ್ಟಿ, ಗಿಣ್ಣು, ಜೊತೆಗೆ ನಿನ್ನ ತಲೆ."

ಇನ್‌ಸ್ಪೆಕ್ಟರ್ ಅರ್ದಕಾನಿ ನಗಲಿಲ್ಲ. ಒಂಟಿಯಾಗಿರುವ ಅತ್ತೆಯ ಕಾನೂನುಬದ್ಧ ಪಾಲಕನಾಗಲು ಹೂಶಂಗ್ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದ. ಶನಿವಾರ ವಿಚಾರಣೆ. ತಾವಾಗಿಯೇ ಜಾರಿ ಬಿದ್ದರೆಂದು ತೀರ್ಮಾನವಾದರೆ ಮುದುಕಿ ಮನೆ ಬಿಡಬೇಕು. ಅರ್ದಕಾನಿ ಎಫ್‌ಐಆರ್ ದಾಖಲಿಸಿದರು.

11:30ಕ್ಕೆ ಸ್ಥಳ ಪಂಚನಾಮೆ. ಬಿಸಿಲುಗಾಲದ ಮಧ್ಯಾಹ್ನಗಳನ್ನು ಮಾಹ್‌ಲಖಾ ಕಳೆಯುತ್ತಿದ್ದುದು ತಂಪಾದ ನೆಲಮಾಳಿಗೆಯಲ್ಲಿ. ಇಳಿಯಲು ಕಡಿದಾದ ಇಪ್ಪತ್ತೆರಡು ಮೆಟ್ಟಿಲು. ಹಿಡಿಯಲು ಗೋಡೆಗುಂಟ ಹಗ್ಗ. ಭಾನುವಾರ ಸಂಜೆ ಹತ್ತಿ ಬರುವಾಗ ಅದು ತುಂಡಾಗಿತ್ತು. ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲೇ ಆದದ್ದರಿಂದ, ದೇವರ ದಯೆ, ಜೀವ ಉಳಿದಿತ್ತು. ಹಗ್ಗದ ಮುಕ್ಕಾಲು ಎಳೆಗಳು ಕತ್ತರಿಸಿದಂತೆ ನೇರವಾಗಿದ್ದವು. ಉಳಿದವು ಮಾತ್ರ ಹರಿದು ಸಿಬಿರಾಗಿದ್ದವು.

"ಮನೆ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಸೊಂಟದಲ್ಲಿ."

"ನಿನ್ನೆ ಯಾರು ಬಂದಿದ್ರು?"

"ಯಾರೂ ಇಲ್ಲ."

ಎದುರು ಅಂಗಡಿಯ ಕಲಾಯಿಗಾರ ಬೇರೆ ಹೇಳಿದ. ಆ ಬಾಗಿಲಿಗೆ, ಊರ ಹಳೇ ಬಾಗಿಲುಗಳಿಗೆ ಇರುವಂತೆ, ಬಂದವರು ತಟ್ಟಲು ಎರಡು ಬಡಿಗೆ: ಗಂಡಸರಿಗೆ ಭಾರದ ಸರಳು, ಹೆಂಗಸರಿಗೆ ತೆಳು ಬಳೆ.

"ಸರಳು ಶುಕ್ರವಾರದಿಂದ ಸದ್ದು ಮಾಡಿಲ್ಲ ಸಾಹೇಬ್ರೆ. ಬಳೆ ನಿನ್ನೆ ಮೂರಕ್ಕೆ ಬಡೀತು. ದಿನಾ ಬಡಿಯುತ್ತೆ. ನನ್ನ ಕಿವಿ ಕಲಾಯಿ ಮಾಡಿ ಕೆಟ್ಟಿದ್ರೂ ಅಷ್ಟು ಕೇಳ್ಸುತ್ತೆ!"

ಅರ್ದಕಾನಿ ಮರಳಿ ಹೋಗಿ ಕೇಳಿದರು: "ಮೂರಕ್ಕೆ ಬಳೆ ಬಡಿದದ್ದು ಯಾರು?"

"ಓ, ಎಸ್ಮತ್. ಪಕ್ಕದ ಮನೆಯೋಳು. ಬಳೆ ಸದ್ದಾದ್ರೆ ತಲೆಗೆ ಬಟ್ಟೆಯೂ ಇಲ್ದೆ ಹೋಗಿ ತೆಗೀತೀನಿ. ಅವಳನ್ನ ಬಂದೋರ ಲೆಕ್ಕಕ್ಕೆ ಹಿಡೀತಾರಾ?"

"ಅವರು ಕೆಳಗೆ ಇಳಿದಿದ್ರಾ?"

"ತಣ್ಣೀರು ತರೋಕೆ…" ಮುದುಕಿ ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡರು. "ಐವತ್ತು ವರ್ಷದ ಗೆಳತಿ ಕಣಪ್ಪ ಅವಳು."

ಹೊಸ ಹಗ್ಗ ಕಟ್ಟಿಸಲಾಯಿತು. ಹದಿನಾಲ್ಕನೇ ತಾರೀಖು, ಬುಧವಾರ 2:30ಕ್ಕೆ ಮಹಿಳಾ ಪೇದೆ ಫರ್ಖೊಂದೆ ಕತ್ತಲ ಮೆಟ್ಟಿಲ ಬುಡದಲ್ಲಿ, ಉಪ್ಪಿನಕಾಯಿ ಜಾಡಿಗಳ ಹಿಂದೆ ಕುಳಿತಳು. ಅರ್ದಕಾನಿ ಒಳಕೋಣೆಯಲ್ಲಿದ್ದರು. ಏನೂ ತಿಳಿಯದವರಂತೆ ಇರಬೇಕೆಂದು ಮಾಹ್‌ಲಖಾಗೆ ಹೇಳಲಾಗಿತ್ತು. ಅವರ ತುಟಿ ಮಾತ್ರ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು.

3:05ಕ್ಕೆ ಬಳೆ ಬಡಿಯಿತು.

"ಕೈ ಹೇಗಿದೆ? ನೀನು ಕೂತ್ಕೋ, ನಾನೇ ನೀರು ತರ್ತೀನಿ."

ಮೇಲೆ ಬೆಳಕು ಕಂಡಿತು. ಎಸ್ಮತ್ ಮಂಡಿ ಹಿಡಿದುಕೊಂಡು, ಅದೇ ಹಗ್ಗಕ್ಕೆ ಜೋತುಬಿದ್ದು ಒಂದೊಂದೇ ಮೆಟ್ಟಿಲಿಳಿದಳು. ಕೆಳಗಿನಿಂದ ಮೂರನೆಯ ಮೆಟ್ಟಿಲಿನಲ್ಲಿ ಕುಳಿತು ಏದುಸಿರು ಬಿಟ್ಟಳು. ಮೈ ಮುಚ್ಚಿದ್ದ ಚಾದರದೊಳಗಿಂದ ಕತ್ತರಿ ಹೊರಬಂತು. ಒಂದು ಎಳೆ. ಎರಡು. ಫರ್ಖೊಂದೆ ಹಾರಿ ಬಂದು ಮಣಿಕಟ್ಟು ಹಿಡಿದಳು.

"ಬಿಡಿ ಅಮ್ಮಾ. ನೀವೂ ಬೀಳ್ತೀರಿ."

ಕತ್ತರಿ ಜಪ್ತಿಯಾಯಿತು. ಮೇಲೆ ಗೆಳತಿಯರು ಎದುರೆದುರು ನಿಂತರು.

"ಸಾಯಿಸ್ಬೇಕಿತ್ತೇನೇ ನನ್ನ?"

"ಅಯ್ಯೋ, ಅಲ್ಲಾಹ್! ಒಂದ್ಸಲ ಬಿದ್ರೆ ಒಬ್ಳೇ ಇರೋಕಾಗಲ್ಲ ಅಂತ ಗೊತ್ತಾಗುತ್ತೆ, ನಮ್ಮನೆಗೆ ಬರ್ತೀಯ ಅಂದ್ಕೊಂಡೆ. ಪಟ್ಟಿ ಕಟ್ಕೊಂಡೂ ಬರ್ಲಿಲ್ಲ ನೀನು."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಹೇಳ್ದೆ. ನಾಲ್ಕು ಸಲ. ನೀನು ನಕ್ಬಿಟ್ಟೆ."

ಮಾಹ್‌ಲಖಾ ನೆಲ ನೋಡಿದರು.

4:20ಕ್ಕೆ ಬಂಧನ. ಹೇಳಿಕೆಯಲ್ಲಿ ಎಸ್ಮತ್ ಹೇಳಿದ್ದಿಷ್ಟು: ಗಂಡ ತೀರಿ ಹದಿನಾಲ್ಕು ತಿಂಗಳು. ಸಂಜೆ ಅಗುಳಿ ಹಾಕಿದೊಡನೆ ಎದೆ ಹೊಡೆದುಕೊಳ್ಳುತ್ತದೆ. ಒಳಗೆ ಬಿದ್ದು ಸತ್ತರೆ ಎಷ್ಟು ದಿನಕ್ಕೆ ತಿಳಿದೀತು ಎಂದು ಎಣಿಸುತ್ತ ಮಲಗುತ್ತಾಳೆ.

ಗುರುವಾರ ತನಿಖಾ ವರದಿಯ ಪ್ರತಿ ನ್ಯಾಯಾಲಯಕ್ಕೆ ಹೋಯಿತು. ಶನಿವಾರ ಹೂಶಂಗನ ಅರ್ಜಿ ವಜಾ ಆಯಿತು. ಮಾಹ್‌ಲಖಾ ತಮ್ಮ ಮನೆಗೇ ಮರಳಿದರು. ದೂರು ಹಿಂತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ, "ಇನ್ನೂ ಸಿಟ್ಟಿದೆ, ದೇವರು ಇಳಿಸ್ಲಿ, ಆಮೇಲೆ ನೋಡೋಣ" ಎಂದರು.

ಬಂಧನವಾದ ಬುಧವಾರ ಸಂಜೆ ವ್ಯಾನು ಮಹಿಳಾ ಬಂದೀಖಾನೆಯ ಮುಂದೆ ನಿಂತಾಗ ಎಸ್ಮತ್ ಫರ್ಖೊಂದೆಯ ತೋಳು ಹಿಡಿದು ಒಂದೇ ಪ್ರಶ್ನೆ ಕೇಳಿದ್ದಳು.

"ಒಳಗೆ ನನ್ನ ಜೊತೆ ಯಾರಾದ್ರೂ ಇರ್ತಾರಾ ಮಗಳೇ?"

"ಮೂವರಿದಾರೆ."

"ದೇವರು ದೊಡ್ಡೋನು" ಎಂದು ಎಸ್ಮತ್ ಬೇಗಬೇಗ ಇಳಿಯತೊಡಗಿದಳು.